ಅರಸು ಮನೆಯಿಂದ ಒಡೆಯರ್ ಮನೆಗೆ

ಹಳೇ ಮೈಸೂರು ಸೀಮೆಯಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರೆಂಬುದೇ ಇಲ್ಲ. ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಮುಂದೆ ನಿಂತರೆ ಆಯಿತು. ಇಂಥ ಕಡೆ ಹೆಸರಿನ ಕೊನೆಗೆ ‘ಅರಸ್’ ಎಂದೋ ‘ಒಡೆಯರ್’ ಎಂದೋ ಬಂದರೆ ಕೇಳಿದವರು ತಿರುಗಿ ನೋಡುತ್ತಾರೆ.

ಒಡೆಯರ್ ಎಂಬುದು ಮೊದಲಿಗೆ ಒಂದೇ ಮನೆಯ ಸ್ವತ್ತಾಗಿರಲಿಲ್ಲ. ಉಮ್ಮತ್ತೂರಿನ ಪಾಳೆಯಗಾರರೂ ಒಡೆಯರೇ. ಜಂಗಮರನ್ನೂ ಜನ ಒಡೆಯರು ಎಂದೇ ಕರೆದರು. 1399ರಲ್ಲಿ ಯದುರಾಯನಿಂದ ಮೊದಲಾಯಿತೆನ್ನುವ ಮೈಸೂರಿನ ಮನೆತನ 1610ರಲ್ಲಿ ರಾಜ ಒಡೆಯರ ಕಾಲಕ್ಕೆ ಶ್ರೀರಂಗಪಟ್ಟಣ ಹಿಡಿದ ಮೇಲೆ ಈ ಬಿರುದಿಗೆ ಬೇರೆಯೇ ತೂಕ ಬಂತು. ಸ್ಕಾಟ್ಲೆಂಡಿನಲ್ಲೂ ಹೀಗೇ ಆಗಿದೆ. ಅರಮನೆಯ ಮೇಲ್ವಿಚಾರಣೆಯ ವಂಶಪಾರಂಪರ್ಯ ಹುದ್ದೆ ‘ಸ್ಟುವರ್ಟ್’ ಎಂಬ ಕುಲನಾಮವಾಗಿ, 1371ರಲ್ಲಿ ಆ ಮನೆಯ ಎರಡನೇ ರಾಬರ್ಟ್ ಪಟ್ಟಕ್ಕೇ ಬಂದ.

ಮೈಸೂರಿನಲ್ಲಿ ಹುದ್ದೆಯವರು ಪಟ್ಟ ಏರಲಿಲ್ಲ, ಏರಿದವರನ್ನು ಆಡಿಸಿದರು. ನಂಜನಗೂಡಿನ ಬಳಿಯ ಕಳಲೆಯ ಅರಸು ಮನೆತನದ ದಳವಾಯಿಗಳು ಹದಿನೆಂಟನೆಯ ಶತಮಾನದಲ್ಲಿ ರಾಜ್ಯವನ್ನೇ ಕೈಗೆ ತೆಗೆದುಕೊಂಡರು. ಒಡೆಯರು ಹೆಸರಿಗೆ ಮಾತ್ರ ಉಳಿದರು. 1761ರಲ್ಲಿ ಹೈದರಾಲಿ ಬಂದ ಮೇಲೆ ಆ ದಳವಾಯಿಗಳೂ ಮೂಲೆಗೆ ಸೇರಿದರು.

ಆದರೂ ಅರಸು ಮನೆಗಳಿಗೂ ಅರಮನೆಗೂ ಕೊಟ್ಟು ತರುವ ನಂಟು ತಪ್ಪಲಿಲ್ಲ. ಗಂಡು ಸಂತಾನವಿಲ್ಲದಾಗ ಒಡೆಯರ್ ಹೆಸರು ಉಳಿದದ್ದೂ ಈ ನಂಟಿನಿಂದಲೇ. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಬೆಟ್ಟದಕೋಟೆಯ ಅರಸು ಮನೆತನದ ಎರಡು ವರ್ಷದ ಕೂಸನ್ನು ದತ್ತು ತೆಗೆದುಕೊಂಡರು. ಬ್ರಿಟಿಷರು ಮೊದಲು ಒಪ್ಪಲಿಲ್ಲ, ಆಮೇಲೆ ಒಪ್ಪಿದರು. ಆ ಕೂಸೇ ಹತ್ತನೆಯ ಚಾಮರಾಜೇಂದ್ರ ಒಡೆಯರ್. 1881ರಲ್ಲಿ ಬ್ರಿಟಿಷರಿಂದ ಮೈಸೂರು ಮರಳಿ ಬಂದದ್ದು ಇವರ ಕೈಗೆ. ಒಂದೂವರೆ ಶತಮಾನದ ಮೇಲೆ ಅದೇ ಶಾಸ್ತ್ರ ಮತ್ತೆ ನಡೆಯಿತು. ಶ್ರೀಕಂಠದತ್ತ ನರಸಿಂಹರಾಜ ಒಡೆಯರು 2013ರಲ್ಲಿ ತೀರಿಕೊಂಡರು. 2015ರ ಫೆಬ್ರುವರಿಯಲ್ಲಿ ಅವರ ಪತ್ನಿ ಪ್ರಮೋದಾದೇವಿಯವರು ದತ್ತು ಪಡೆದ ಯದುವೀರ್ ಗೋಪಾಲರಾಜ್ ಅರಸ್ ಅಂದಿನಿಂದ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ್. ಹೆಸರಿಗಾಗಿ ಮಗನೋ, ಮಗನಿಗಾಗಿ ಹೆಸರೋ ಎಂದು ಕೇಳಿದರೆ ಇಲ್ಲಿ ಹೆಸರಿನ ಪಾಲೇ ದೊಡ್ಡದು ಅನ್ನಿಸುತ್ತದೆ.

ಅರಸರ ಇನ್ನೊಂದು ದಾರಿ ವಿಧಾನಸೌಧದ ಕಡೆಗಿತ್ತು. ಸರ್ ಎಂ. ಕಾಂತರಾಜೇ ಅರಸ್ 1919ರಿಂದ 1922ರವರೆಗೆ ದಿವಾನರಾಗಿದ್ದರು. ಅವರ ಹೆಸರಿನ ರಸ್ತೆ ಮೈಸೂರಿನಲ್ಲಿದೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು 1972ರಲ್ಲಿ ಮುಖ್ಯಮಂತ್ರಿಯಾದರು. ಅದಕ್ಕೆ ಹಿಂದಿನ ವರ್ಷವೇ ಸಂವಿಧಾನದ 26ನೇ ತಿದ್ದುಪಡಿ ರಾಜರ ಮಾನ್ಯತೆಯನ್ನೂ ರಾಜಧನವನ್ನೂ ತೆಗೆದುಹಾಕಿತ್ತು. ಈ ‘ಅರಸು’ ಉಳುವವನಿಗೆ ಭೂಮಿ ಕೊಡಿಸಿದರು. 1973ರ ನವೆಂಬರ್ 1ರಂದು ರಾಜ್ಯಕ್ಕಿದ್ದ ಮೈಸೂರು ಎಂಬ ಹೆಸರೂ ಇವರ ಆಳ್ವಿಕೆಯಲ್ಲೇ ಹೋಗಿ ಕರ್ನಾಟಕ ಆಯಿತು. ಭಾನುವಾರ ಬಟ್ಟೆಬರೆ ಕೊಳ್ಳಲು ಮೈಸೂರಿನ ದೇವರಾಜ ಅರಸು ರಸ್ತೆಗೆ ಹೋಗುವವರಿಗೆ ಈ ತಮಾಷೆ ನೆನಪಿರಬೇಕಿಲ್ಲ.

ಪದವಿ ಹೋದ ಮೇಲೆ ‘ಒಡೆಯರ್’ ಬರೀ ಕುಲನಾಮವಾಯಿತು ಎಂದುಕೊಂಡರೆ, ಮತದಾರ ಹಾಗೆ ಎಣಿಸಿದಂತಿಲ್ಲ. ಶ್ರೀಕಂಠದತ್ತರನ್ನು ನಾಲ್ಕು ಬಾರಿ ಲೋಕಸಭೆಗೆ ಕಳಿಸಿದ ಮೈಸೂರು, 2024ರಲ್ಲಿ ಯದುವೀರರನ್ನೂ ಗೆಲ್ಲಿಸಿತು.