ನಲ್ಲಿ ಹಾಕಿದ್ದಾಯಿತು, ನೀರು ಬಂತೇ? ಸರ್ಕಾರಿ ಯೋಜನೆಯ ಫಲ ಅಳೆಯುವ ಬಗೆ

ತಾಲ್ಲೂಕಿನ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆಯ ಪ್ರಗತಿ ವರದಿಯನ್ನು ನೀವು ನೋಡಿದ್ದರೆ ಅದರ ಎರಡು ಕಾಲಂಗಳು ನೆನಪಿರುತ್ತವೆ. ಒಂದು ಭೌತಿಕ ಪ್ರಗತಿ, ಇನ್ನೊಂದು ಆರ್ಥಿಕ ಪ್ರಗತಿ. ಎಷ್ಟು ಕಿಲೋಮೀಟರ್ ಪೈಪು ಹೂತರು, ಎಷ್ಟು ನಲ್ಲಿ ಕೂರಿಸಿದರು ಎಂಬುದು ಮೊದಲನೆಯದರಲ್ಲಿ ಇರುತ್ತದೆ. ಬಂದ ಅನುದಾನದಲ್ಲಿ ಎಷ್ಟು ಖರ್ಚಾಯಿತು ಎಂಬುದು ಎರಡನೆಯದರಲ್ಲಿ. ಎರಡೂ ಬೇಕಾದ ಲೆಕ್ಕಗಳೇ. ಆದರೆ ಆ ನಲ್ಲಿಯಲ್ಲಿ ನೀರು ಬರುತ್ತಿದೆಯೇ, ಬಂದದ್ದು ಮನೆಮಂದಿಗೆಲ್ಲ ಸಾಕಾಗುತ್ತಿದೆಯೇ, ಕುಡಿಯಲು ಯೋಗ್ಯವೇ? ಇದಕ್ಕೆ ಆ ವರದಿಯಲ್ಲಿ ಜಾಗವಿಲ್ಲ. ಈ ಮೂರನೆಯ ಲೆಕ್ಕ ಇಡುವುದು ಹೇಗೆಂದು ಇಲ್ಲಿ ನೋಡೋಣ. ನೀವು ಪಂಚಾಯಿತಿ ಸದಸ್ಯರಿರಬಹುದು, ಸ್ವಸಹಾಯ ಸಂಘದವರಿರಬಹುದು, ನೀರಿಗೆ ಕಾಯುವ ಮನೆಯವರೇ ಇರಬಹುದು. ಇದಕ್ಕೆ ದೊಡ್ಡ ಓದು ಬೇಕಿಲ್ಲ.

ಮೊದಲು ಕೆಲವು ಪದಗಳು. ಯೋಜನೆಗೆ ಹಾಕುವ ಹಣ, ಜನ, ಸಾಮಗ್ರಿಯನ್ನು ಇನ್‌ಪುಟ್ ಅನ್ನುತ್ತಾರೆ. ಕಾಮಗಾರಿ ಮುಗಿದಾಗ ಕಣ್ಣಿಗೆ ಕಾಣುವುದು ಔಟ್‌ಪುಟ್. ಟ್ಯಾಂಕು, ಪೈಪು, ನಲ್ಲಿ ಎಲ್ಲ ಇದರಲ್ಲೇ ಬರುತ್ತವೆ. ಅದರಿಂದ ಜನರ ದಿನನಿತ್ಯದಲ್ಲಿ ಆಗುವ ಬದಲಾವಣೆಯೇ ಔಟ್‌ಕಮ್, ಅಂದರೆ ಫಲಿತಾಂಶ. ಮನೆಗೆ ಸಾಕಷ್ಟು ಶುದ್ಧ ನೀರು ತಪ್ಪದೆ ಬಂದರೆ ಅದು ಫಲಿತಾಂಶ. ಇನ್ನೂ ಮುಂದಕ್ಕೆ, ವರ್ಷಗಳ ಮೇಲೆ ಮಕ್ಕಳಲ್ಲಿ ವಾಂತಿಭೇದಿ ಕಡಿಮೆಯಾದರೆ ಅದನ್ನು ಇಂಪ್ಯಾಕ್ಟ್, ಅಂದರೆ ದೂರಗಾಮಿ ಪರಿಣಾಮ ಅನ್ನುತ್ತಾರೆ. ಗುತ್ತಿಗೆದಾರರು ಔಟ್‌ಪುಟ್ಟಿಗೆ ಹೊಣೆ. ಫಲಿತಾಂಶಕ್ಕೆ ಇಲಾಖೆಯೂ ಪಂಚಾಯಿತಿಯೂ ಹೊಣೆ.

ಔಟ್‌ಪುಟ್ಟಿಗೂ ಫಲಿತಾಂಶಕ್ಕೂ ನಡುವಿನ ಅಂತರ ಎಷ್ಟು ದೊಡ್ಡದಿರಬಹುದು? ಸ್ವಚ್ಛ ಭಾರತ ಯೋಜನೆಯನ್ನೇ ನೋಡಿ. ಐದು ವರ್ಷಗಳಲ್ಲಿ ಹಳ್ಳಿಗಳಲ್ಲಿ 10 ಕೋಟಿಗೂ ಹೆಚ್ಚು ಶೌಚಾಲಯ ಕಟ್ಟಿ, 2019ರ ಅಕ್ಟೋಬರ್ 2ರಂದು ಗ್ರಾಮೀಣ ಭಾರತ ಬಯಲು ಶೌಚಮುಕ್ತ ಎಂದು ಘೋಷಿಸಲಾಯಿತು. ಕಟ್ಟಿದ್ದು ನಿಜ, ಅದು ಸಣ್ಣ ಕೆಲಸವಲ್ಲ. ಆದರೆ 2019–21ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮನೆಗಳಿಗೇ ಹೋಗಿ ಕೇಳಿದಾಗ, ದೇಶದ ಶೇ 19ರಷ್ಟು ಕುಟುಂಬಗಳು ಯಾವ ಶೌಚಾಲಯವನ್ನೂ ಬಳಸುತ್ತಿರಲಿಲ್ಲ. ಕಟ್ಟಿದ್ದನ್ನು ಎಣಿಸಿದಾಗ ಒಂದು ಚಿತ್ರ, ಬಳಕೆಯನ್ನು ಎಣಿಸಿದಾಗ ಇನ್ನೊಂದು ಚಿತ್ರ.

ಸರ್ಕಾರಕ್ಕೆ ಇದು ಗೊತ್ತಿಲ್ಲವೆಂದಲ್ಲ. ಕೇಂದ್ರ ಸರ್ಕಾರ 2005ರಲ್ಲೇ ಔಟ್‌ಕಮ್ ಬಜೆಟ್ ಮಂಡಿಸಿತು. 2017–18ರಿಂದ ಔಟ್‌ಪುಟ್ ಮತ್ತು ಔಟ್‌ಕಮ್ ಎರಡನ್ನೂ ಯೋಜನೆವಾರು ಅಕ್ಕಪಕ್ಕ ಇಟ್ಟು ತೋರಿಸುವ ದಾಖಲೆಯೊಂದನ್ನು ಬಜೆಟ್ ಜೊತೆಗೆ ಕೊಡುತ್ತಿದೆ. ಕರ್ನಾಟಕದಲ್ಲಿ ಯೋಜನೆಗಳನ್ನು ತೂಗಿ ನೋಡಲೆಂದೇ 2011ರಲ್ಲಿ ಮೌಲ್ಯಮಾಪನ ಪ್ರಾಧಿಕಾರ ಸ್ಥಾಪನೆಯಾಯಿತು. ವ್ಯವಸ್ಥೆ ಮೇಲೆ ಇದೆ. ಊರಿನ ಮಟ್ಟಕ್ಕೆ ಅದು ಇಳಿದು ಬಂದದ್ದು ಕಡಿಮೆ.

ಊರಿನ ಮಟ್ಟದಲ್ಲಿ ಕಲಿಯಲು ಒಳ್ಳೆಯ ಉದಾಹರಣೆ ಜಲ ಜೀವನ ಮಿಷನ್, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಹೆಸರಾದದ್ದು. 2019ರ ಆಗಸ್ಟ್ 15ರಂದು ಇದನ್ನು ಘೋಷಿಸಿದಾಗ ದೇಶದ ಹಳ್ಳಿಗಳಲ್ಲಿ ನಲ್ಲಿ ಇದ್ದದ್ದು 3.23 ಕೋಟಿ ಮನೆಗಳಿಗೆ. ಈಗ ಆ ಸಂಖ್ಯೆ 15 ಕೋಟಿ ದಾಟಿದೆ. 2024ಕ್ಕೆ ಮುಗಿಯಬೇಕಿದ್ದ ಯೋಜನೆಯನ್ನು 2025ರ ಬಜೆಟ್‌ನಲ್ಲಿ 2028ರವರೆಗೆ ವಿಸ್ತರಿಸಲಾಯಿತು. ಈ ಯೋಜನೆಯಲ್ಲಿ ನನಗೆ ಮೆಚ್ಚುಗೆಯಾದದ್ದು ಅದರ ಗುರಿಯ ಬರವಣಿಗೆ. ನಲ್ಲಿ ಹಾಕುವುದಷ್ಟೇ ಗುರಿ ಎಂದು ಅದು ಹೇಳಲಿಲ್ಲ. ಒಬ್ಬರಿಗೆ ದಿನಕ್ಕೆ ಕನಿಷ್ಠ 55 ಲೀಟರ್ ನೀರು, ಬಿಐಎಸ್ 10500 ಎಂಬ ಭಾರತೀಯ ಮಾನಕಕ್ಕೆ ಸರಿಹೊಂದುವ ಗುಣಮಟ್ಟ, ಮತ್ತು ಅದು ನಿಯಮಿತವಾಗಿ, ದೀರ್ಘಕಾಲ ಬರಬೇಕು ಎಂದು ಹೇಳಿತು. ಪ್ರಮಾಣ, ಗುಣ, ಕ್ರಮ: ಮೂರನ್ನೂ ಅಳೆಯಬಹುದು. ಫಲಿತಾಂಶವನ್ನು ಬರೆಯುವುದು ಹೀಗೆ.

2022ರಲ್ಲಿ ದೇಶದ ಆಯ್ದ ಹಳ್ಳಿಗಳ ಮನೆಗಳಿಗೆ ಹೋಗಿ ಈ ಮೂರನ್ನೂ ಅಳೆಯಲಾಯಿತು. ಕೆಲಸ ಮಾಡುವ ನಲ್ಲಿ ಇದ್ದದ್ದು ಶೇ 86 ಮನೆಗಳಲ್ಲಿ. ಅವುಗಳಲ್ಲಿ ಸಾಕಷ್ಟು ನೀರು ಬರುತ್ತಿದ್ದದ್ದು ಶೇ 85ಕ್ಕೆ, ವೇಳೆಗೆ ಸರಿಯಾಗಿ ಬರುತ್ತಿದ್ದದ್ದು ಶೇ 80ಕ್ಕೆ, ಗುಣಮಟ್ಟ ಸರಿಯಿದ್ದದ್ದು ಶೇ 87ರಲ್ಲಿ. ಎಲ್ಲ ಅಂಕಿಯೂ 80ಕ್ಕೆ ಕಡಿಮೆಯಿಲ್ಲ, ಚೆನ್ನಾಗಿಯೇ ಕಾಣುತ್ತದೆ. ಆದರೆ ಎಲ್ಲವೂ ಒಟ್ಟಿಗೆ ಸರಿಯಿದ್ದ ಮನೆಗಳು ಸುಮಾರು ಶೇ 62 ಮಾತ್ರ. ಒಂದು ಮನೆಗೆ ನೀರು ಸಾಕಷ್ಟಿದ್ದು ಅದರಲ್ಲಿ ಫ್ಲೋರೈಡ್ ಮಿತಿ ಮೀರಿದ್ದರೆ ಆ ಮನೆಗೆ ಯೋಜನೆ ತಲುಪಿಲ್ಲ. ಹಾಗಾಗಿ ಬಿಡಿಬಿಡಿ ಶೇಕಡಾವಾರುಗಳನ್ನು ಯಾರಾದರೂ ಓದಿದರೆ, ‘ಎಲ್ಲವೂ ಸರಿಯಿರುವ ಮನೆ ಎಷ್ಟು?’ ಎಂದು ಕೇಳಿ.

ಈಗ ನಿಮ್ಮ ಊರಿನ ಮಾತು. ಕೆಲಸ ಶುರುವಾಗುವ ಮೊದಲೇ ಇಂದಿನ ಸ್ಥಿತಿಯನ್ನು ಬರೆದಿಡಿ. ಇದಕ್ಕೆ ಬೇಸ್‌ಲೈನ್, ಅಂದರೆ ಆರಂಭದ ಅಳತೆ ಅನ್ನುತ್ತಾರೆ. ಎಷ್ಟು ಮನೆ, ಯಾರಿಗೆ ಎಲ್ಲಿಂದ ನೀರು, ತರಲು ಎಷ್ಟು ಹೊತ್ತು? ಇದನ್ನು ಬಿಟ್ಟರೆ ಆಮೇಲೆ ಏನಾಯಿತೆಂದು ಹೇಳಲು ಆಧಾರವೇ ಇರುವುದಿಲ್ಲ. ಬಹಳ ಯೋಜನೆಗಳು ಸೋಲುವುದು ಇಲ್ಲೇ.

ಆಮೇಲೆ ಗುರಿಯನ್ನು ಒಂದು ವಾಕ್ಯದಲ್ಲಿ ಬರೆಯಿರಿ. ‘ಗ್ರಾಮಸ್ಥರಿಗೆ ಉತ್ತಮ ಕುಡಿಯುವ ನೀರಿನ ಸೌಲಭ್ಯ ಒದಗಿಸುವುದು’ ಎಂಬುದರಿಂದ ಉಪಯೋಗವಿಲ್ಲ. ಅದು ಈಡೇರಿತೋ ಇಲ್ಲವೋ ಎಂದು ಯಾರೂ ಹೇಳಲಾರರು. ಹೀಗೆ ಬರೆದು ನೋಡಿ: ‘ಬರುವ ಏಪ್ರಿಲ್ ಹೊತ್ತಿಗೆ ನಮ್ಮ ಊರಿನ 240 ಮನೆಗಳಲ್ಲಿ 220 ಮನೆಗಳಿಗೆ, ದಿನಕ್ಕೆ ತಲೆಗೆ 55 ಲೀಟರಿನಂತೆ, ಪರೀಕ್ಷೆಯಲ್ಲಿ ಪಾಸಾದ ನೀರು ಸಿಗಬೇಕು.’ ಯಾರಿಗೆ, ಎಷ್ಟು, ಯಾವಾಗ ಎಂಬ ಮೂರೂ ಇದರಲ್ಲಿವೆ. ಏಪ್ರಿಲ್ ಏಕೆಂದರೆ ಮಳೆಗಾಲದಲ್ಲಿ ಅಳೆದರೆ ಎಲ್ಲ ಊರೂ ಪಾಸಾಗುತ್ತದೆ. ಬೇಸಿಗೆಯಲ್ಲಿ ಬೋರ್‌ವೆಲ್ ಇಳಿದಾಗ ಬರುವ ನೀರೇ ನಿಜವಾದ ಅಳತೆ.

ಅಳೆಯುವುದು ಕಷ್ಟವಲ್ಲ. ಐದು ಜನರ ಮನೆಗೆ 55ರಂತೆ ದಿನಕ್ಕೆ 275 ಲೀಟರ್ ಬೇಕು. ನಲ್ಲಿ ಕೆಳಗೆ 20 ಲೀಟರಿನ ಬಕೆಟ್ ಇಟ್ಟು ಹೊತ್ತು ನೋಡಿ. ನಾಲ್ಕು ನಿಮಿಷಕ್ಕೆ ತುಂಬಿದರೆ ನಿಮಿಷಕ್ಕೆ ಐದು ಲೀಟರ್ ಬಂದ ಹಾಗಾಯಿತು. ಆ ಮನೆಗೆ ನೀರುಗಂಟಿ ದಿನವೂ 55 ನಿಮಿಷ ನೀರು ಬಿಡಬೇಕು. ದಿನ ಬಿಟ್ಟು ದಿನ ಬಿಡುವುದಾದರೆ 110 ನಿಮಿಷ, ಜೊತೆಗೆ 550 ಲೀಟರ್ ಹಿಡಿದಿಡಲು ತೊಟ್ಟಿಯೂ ಬೇಕು. ಗುಣಮಟ್ಟ ನೋಡಲು ಮಿಷನ್ ಎಫ್‌ಟಿಕೆ ಎಂಬ ಸಣ್ಣ ಪರೀಕ್ಷಾ ಕಿಟ್ ಕೊಡುತ್ತದೆ. ಪ್ರತಿ ಊರಿನಲ್ಲಿ ಐವರು ಮಹಿಳೆಯರಿಗೆ ಅದರ ತರಬೇತಿ ಕೊಡಬೇಕೆಂಬುದು ನಿಯಮ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಮಾನಕ ಒಪ್ಪುತ್ತದೆ. ನೈಟ್ರೇಟ್‌ಗೆ ಮಿತಿ 45. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯವರು ಫ್ಲೋರೈಡ್ ಪರೀಕ್ಷೆಯನ್ನು ಯಾವ ಕಾರಣಕ್ಕೂ ಬಿಡಬೇಡಿ.

ಎಲ್ಲ ಮನೆಗೂ ಹೋಗಬೇಕೇ? ಬೇಕಿಲ್ಲ. 240 ಮನೆಯಿದ್ದರೆ ಪ್ರತಿ ಎಂಟನೇ ಮನೆಯಂತೆ 30 ಮನೆ ಸಾಕು. ಆದರೆ ಮನೆಗಳನ್ನು ನಿಮಗೆ ಬೇಕಾದ ಹಾಗೆ ಆರಿಸಿಕೊಳ್ಳಬೇಡಿ. ಟ್ಯಾಂಕಿನ ಹತ್ತಿರದ ಮನೆಗಳಿಗೆ ಯಾವಾಗಲೂ ನೀರು ಬರುತ್ತದೆ. ಪೈಪಿನ ಕೊನೆಗೆ, ದಿಬ್ಬದ ಮೇಲೆ ಇರುವ ಮನೆಗಳಿಗೆ ಬರುವುದಿಲ್ಲ. ಆ ಕೊನೆಯಲ್ಲಿ ಎಷ್ಟೋ ಊರುಗಳಲ್ಲಿ ಪರಿಶಿಷ್ಟರ ಕೇರಿ ಇರುತ್ತದೆ. ಊರಿಗೆ ಸರಾಸರಿ 60 ಲೀಟರ್ ಎಂದು ವರದಿ ಬರೆದು, ಆ ಕೇರಿಗೆ 20 ಲೀಟರ್ ಬರುತ್ತಿದ್ದರೆ ಆ ವರದಿ ಜನರಿಗೆ ಮಾಡಿದ ಅನ್ಯಾಯ. ಆದ್ದರಿಂದ ಕೇರಿವಾರು ಲೆಕ್ಕ ಬೇರೆ ಬೇರೆಯಾಗಿಯೇ ಬರೆಯಿರಿ. ಪ್ರಶ್ನೆಯನ್ನು ಮನೆಯ ಹೆಂಗಸರಿಗೆ ಕೇಳಿ, ನೀರು ಹಿಡಿಯುವವರು ಅವರು. ಕೇಳಲು ಹೋಗುವವರು ಗುತ್ತಿಗೆದಾರರ ಕಡೆಯವರಾಗಲಿ ನೀರುಗಂಟಿಯಾಗಲಿ ಆಗಿರಬಾರದು. ಅವರ ಮುಂದೆ ಜನ ಬಾಯಿಬಿಟ್ಟು ಹೇಳುವುದಿಲ್ಲ.

ವರದಿ ಒಂದು ಪುಟ ಇದ್ದರೆ ಸಾಕು. ಮೊದಲು ಏನಿತ್ತು, ಏನು ಮಾಡುತ್ತೇವೆಂದು ಹೇಳಿದ್ದೆವು, ಈಗ ಎಷ್ಟು ಆಗಿದೆ, ಯಾರು ಉಳಿದಿದ್ದಾರೆ, ಯಾಕೆ, ಮುಂದೆ ಯಾರು ಏನು ಮಾಡುತ್ತಾರೆ. ‘30 ಮನೆ ಕೇಳಿದೆವು, 21ಕ್ಕೆ ಎಲ್ಲವೂ ಸರಿಯಿದೆ, ಉಳಿದ 9ರಲ್ಲಿ 7 ಮೇಲಿನ ಕೇರಿಯವು, ಅಲ್ಲಿ ಒತ್ತಡ ಸಾಲದು’ ಎಂದು ಬರೆದರೆ ಎಂಜಿನಿಯರಿಗೂ ಉಪಯೋಗ, ಜನರಿಗೂ ಅರ್ಥವಾಗುತ್ತದೆ. ಗುರಿ ಮುಟ್ಟಲಿಲ್ಲವೆಂದು ನಡುವೆ ಗುರಿಯನ್ನೇ ಬದಲಿಸಬೇಡಿ. ಹಳೆಯದನ್ನು ಹಾಗೇ ಇಟ್ಟು ಕಾರಣ ಬರೆಯಿರಿ.

‘ಮಳೆ ಹೋದರೆ ನಾವೇನು ಮಾಡೋಣ? ಕಡಿಮೆ ಅಂಕಿ ತೋರಿಸಿದರೆ ನೋಟಿಸ್ ಬರುವುದಿಲ್ಲವೇ?’ ಪಿಡಿಒಗಳಿಗೂ ಸದಸ್ಯರಿಗೂ ಈ ಅನುಮಾನ ಬರುವುದು ಸಹಜ. ಫಲಿತಾಂಶ ಪೂರ್ತಿ ಯಾರೊಬ್ಬರ ಕೈಯಲ್ಲೂ ಇರುವುದಿಲ್ಲ, ನಿಜ. ಅದಕ್ಕೇ ಕಾರಣದ ಕಾಲಂ ಇರುವುದು. ಬೋರ್‌ವೆಲ್ ಬತ್ತಿದ್ದನ್ನು ವರದಿಯಲ್ಲಿ ಬರೆದಿದ್ದರೆ ಮುಂದಿನ ಕ್ರಿಯಾಯೋಜನೆಯಲ್ಲಿ ಹೊಸ ಮೂಲಕ್ಕೆ ಹಣ ಕೇಳಲು ಅದೇ ದಾಖಲೆ. ಶೇ 100 ಎಂದು ಬರೆದ ಊರಿಗೆ ಮತ್ತೆ ಹಣ ಕೊಡಲು ಯಾವ ಕಾರಣ ಉಳಿಯುತ್ತದೆ? ಮೇಲಧಿಕಾರಿಗಳಿಗೂ ಒಂದು ಮಾತು: ನಿಜ ಹೇಳಿದವರಿಗೆ ನೋಟಿಸ್ ಕೊಟ್ಟರೆ ಮುಂದಿನ ಸಲ ನಿಮಗೆ ನಿಜ ಸಿಗುವುದಿಲ್ಲ.

ಖರ್ಚಿನ ವಿಷಯ. ಊರಿನ 30 ಮನೆ ಕೇಳಲು ಒಂದು ನೋಟ್ ಪುಸ್ತಕ, ಒಂದು ಬಕೆಟ್, ಇಬ್ಬರ ಎರಡು ದಿನ ಸಾಕು. ಮಿಷನ್‌ನ ಅನುದಾನದಲ್ಲಿ ನೀರಿನ ಗುಣಮಟ್ಟ ಪರೀಕ್ಷೆಗೆಂದೇ ಶೇ 2ರವರೆಗೆ, ತರಬೇತಿ, ಜಾಗೃತಿ ಮುಂತಾದ ಪೂರಕ ಕೆಲಸಗಳಿಗೆ ಶೇ 5ರವರೆಗೆ ಬಳಸಲು ಅವಕಾಶವಿದೆ. ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯಗಳನ್ನು ಸಾರ್ವಜನಿಕರಿಗೂ ಅಲ್ಪ ಶುಲ್ಕಕ್ಕೆ ತೆರೆಯಲಾಗಿದೆ.

ಮಾಹಿತಿ ಸಿಗುವುದು ಎಲ್ಲಿ? ಜಲ ಜೀವನ ಮಿಷನ್‌ನ ಡ್ಯಾಶ್‌ಬೋರ್ಡ್‌ನಲ್ಲಿ ನಿಮ್ಮ ಊರಿನ ನಲ್ಲಿ ಸಂಖ್ಯೆಯನ್ನು ಉಚಿತವಾಗಿ ನೋಡಬಹುದು. ಮೌಲ್ಯಮಾಪನ ಪ್ರಾಧಿಕಾರದ ವರದಿಗಳು, ಸಿಎಜಿ ವರದಿಗಳು ಅವರವರ ಜಾಲತಾಣದಲ್ಲಿವೆ. ಉಳಿದದ್ದಕ್ಕೆ ಮಾಹಿತಿ ಹಕ್ಕು ಅರ್ಜಿ ಇದೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಆರಂಭದ ಅಳತೆಯ ಪ್ರತಿ, ನೀರಿನ ಪರೀಕ್ಷೆಯ ಫಲಿತಾಂಶ, ಕಾಮಗಾರಿಯ ಅಳತೆ ಪುಸ್ತಕದ ಪ್ರತಿ ಕೇಳಿ.

ಕೊನೆಯದಾಗಿ ಒಂದು ಮುಖ್ಯ ಸಂಗತಿ. ಎಲ್ಲ ಮನೆಗೂ ನಲ್ಲಿ ಬಂದಿದೆ ಎಂದು ಇಲಾಖೆ ವರದಿ ಮಾಡಿದ ಊರು ಬೇರೆ, ಹೌದೆಂದು ಗ್ರಾಮಸಭೆ ನಿರ್ಣಯ ಮಾಡಿ ದೃಢೀಕರಿಸಿದ ಊರು ಬೇರೆ. ಮಿಷನ್ ಈ ಎರಡನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. ಆ ದೃಢೀಕರಣ ಕೊಡುವ ಅಧಿಕಾರ ನಿಮ್ಮದು, ತಡೆಹಿಡಿಯುವ ಅಧಿಕಾರವೂ ನಿಮ್ಮದೇ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ನಿಮ್ಮ ಊರಿನ ನಿರ್ಣಯ ಇನ್ನೂ ಆಗಿಲ್ಲದಿದ್ದರೆ ಮುಂದಿನ ಸಭೆಗೆ ಮೊದಲು ಪೈಪಿನ ಕೊನೆಯ ಹತ್ತು ಮನೆಗೆ ಹೋಗಿ ಬಕೆಟ್ ಇಟ್ಟು ನೋಡಿ. ಸಹಿ ಆಮೇಲೆ ಹಾಕಿ.