ಸ್ತನ ಕ್ಯಾನ್ಸರ್: ಗ್ರಾಹಿಯನ್ನು ತಡೆದು ರೋಗವನ್ನು ಹಿಮ್ಮೆಟ್ಟಿಸುವ ಚಿಕಿತ್ಸೆ

ನಮ್ಮ ಶರೀರದ ಜೀವಕೋಶಗಳ ಹೊರಮೈಯಲ್ಲಿ ಹೊರಗಿನ ಸಂದೇಶಗಳನ್ನು ಬರಮಾಡಿಕೊಳ್ಳುವ ಪ್ರೋಟೀನುಗಳಿರುತ್ತವೆ. ಇವುಗಳನ್ನು ಗ್ರಾಹಿಗಳು ಅಥವಾ ರಿಸೆಪ್ಟರ್‌ಗಳು ಎನ್ನುತ್ತೇವೆ. ಬೆಳೆಯಬೇಕು, ವಿಭಜನೆಯಾಗಬೇಕು ಎಂಬ ಅನೇಕ ಆಜ್ಞೆಗಳು ಇವುಗಳ ಮೂಲಕವೇ ಕೋಶದೊಳಕ್ಕೆ ತಲುಪುತ್ತವೆ. ಈ ಆಜ್ಞೆಗಳು ಮಿತಿಯಲ್ಲಿದ್ದರೆ ಶರೀರಕ್ಕೆ ಕ್ಷೇಮ. ಮಿತಿ ಮೀರಿದರೆ ರೋಗಕ್ಕೆ ದಾರಿ.

ಹರ್-2 ಎಂಬುದು ಇಂತಹ ಒಂದು ಗ್ರಾಹಿ. ಆರೋಗ್ಯವಂತ ಕೋಶಗಳಲ್ಲಿಯೂ ಇದು ಅಲ್ಪ ಪ್ರಮಾಣದಲ್ಲಿರುತ್ತದೆ. ಆದರೆ ಸ್ತನ ಕ್ಯಾನ್ಸರ್‌ ಪೀಡಿತರಲ್ಲಿ ಸುಮಾರು ಶೇಕಡಾ 15ರಿಂದ 20 ಮಂದಿಯ ಗೆಡ್ಡೆಯಲ್ಲಿ ಇದು ವಿಪರೀತವಾಗಿರುತ್ತದೆ. ಆಗ ಬೆಳವಣಿಗೆಯ ಆಜ್ಞೆ ಎಡೆಬಿಡದೆ ಹೊರಡುತ್ತದೆ. ಇಂತಹ ರೋಗ ಬೇಗನೆ ಮರುಕಳಿಸುತ್ತದೆ ಎಂಬುದನ್ನು 1987ರಲ್ಲಿ ಅಮೆರಿಕದ ವೈದ್ಯ ಡೆನಿಸ್ ಸ್ಲಾಮನ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು.

ಆಜ್ಞೆಯ ಮೂಲವನ್ನೇ ತಡೆದರೆ ಹೇಗೆ ಎಂಬ ಚಿಂತನೆಯಿಂದ ಟ್ರಾಸ್ಟುಜುಮ್ಯಾಬ್ ಎಂಬ ಔಷಧ ರೂಪುಗೊಂಡಿತು. 1998ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ಇದೊಂದು ಪ್ರತಿಕಾಯ. ಹರ್-2 ಗ್ರಾಹಿಗೆ ಅಂಟಿಕೊಂಡು ಸಂದೇಶವನ್ನು ಕುಗ್ಗಿಸುತ್ತದೆ. ಜೊತೆಗೆ ನಮ್ಮ ರೋಗನಿರೋಧಕ ಕೋಶಗಳಿಗೆ ಆ ಕ್ಯಾನ್ಸರ್ ಕೋಶವನ್ನು ಗುರುತಿಸಿ ತೋರಿಸುತ್ತದೆ. ಆರಂಭದ ಹಂತದ ರೋಗದಲ್ಲಿ ಕೀಮೋಥೆರಪಿಯೊಡನೆ ಇದನ್ನು ನೀಡಿದಾಗ ಮರುಕಳಿಕೆ ಸುಮಾರು ಅರ್ಧಕ್ಕೆ ಇಳಿಯಿತೆಂದು 2005ರಲ್ಲಿ ಪ್ರಕಟವಾದ ಅಧ್ಯಯನಗಳು ಕಂಡುಕೊಂಡವು.

ಇದು ಎಲ್ಲರಿಗೂ ಸಲ್ಲುವ ಔಷಧವಲ್ಲ. ಗೆಡ್ಡೆಯಲ್ಲಿ ಹರ್-2 ಅಧಿಕವಾಗಿಲ್ಲದಿದ್ದರೆ ಇದರಿಂದ ಪ್ರಯೋಜನವಾಗುವುದಿಲ್ಲ. ಕೆಲವರಲ್ಲಿ ಹೃದಯದ ಬಲವನ್ನು ಕುಗ್ಗಿಸಬಹುದಾದ್ದರಿಂದ ಚಿಕಿತ್ಸೆಗೆ ಮೊದಲು ಮತ್ತು ಚಿಕಿತ್ಸೆಯ ಅವಧಿಯಲ್ಲಿ ಹೃದಯದ ಪರೀಕ್ಷೆ ಅವಶ್ಯಕ. ಸಾಮಾನ್ಯವಾಗಿ ಮೂರು ವಾರಗಳಿಗೊಮ್ಮೆಯಂತೆ ಒಂದು ವರ್ಷ ನೀಡುವುದರಿಂದ ವೆಚ್ಚದ ಹೊರೆಯೂ ಹೆಚ್ಚು. ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2014ರಲ್ಲಿ ಇದಕ್ಕೆ ಸಮಾನವಾದ, ಮೂಲ ಔಷಧಕ್ಕಿಂತ ಕಡಿಮೆ ಬೆಲೆಯ ಔಷಧವನ್ನು ದೇಶದ ಮಾರುಕಟ್ಟೆಗೆ ತಂದದ್ದು ಈ ದೃಷ್ಟಿಯಿಂದ ಮಹತ್ವದ್ದು.

ಆದರೆ ಔಷಧವಿದ್ದೂ ರೋಗ ಬಚ್ಚಿಟ್ಟುಕೊಂಡರೆ ಫಲವೇನು? ಸಂಕೋಚದಿಂದ ಗಂಟನ್ನು ಮರೆಮಾಚಿ, ತಡವಾಗಿ ವೈದ್ಯರ ಬಳಿಗೆ ಬರುವ ತಾಯಂದಿರು ಇಂದಿಗೂ ನಮ್ಮ ನಡುವೆ ಇದ್ದಾರೆ. ಸ್ತನದಲ್ಲಿ ಗಂಟು, ಚರ್ಮದಲ್ಲಿ ಬದಲಾವಣೆ, ತೊಟ್ಟಿನಿಂದ ರಕ್ತಸ್ರಾವ ಕಂಡರೆ ಕೂಡಲೇ ತೋರಿಸಿಕೊಳ್ಳಬೇಕು. ಕ್ಯಾನ್ಸರ್ ಖಚಿತವಾದಲ್ಲಿ ‘ಹರ್-2 ಪರೀಕ್ಷೆಯ ಫಲಿತಾಂಶವೇನು?’ ಎಂದು ಕುಟುಂಬದವರು ವೈದ್ಯರನ್ನು ವಿನಯದಿಂದ ಕೇಳಬೇಕು. ಮುಂದಿನ ಚಿಕಿತ್ಸೆಯ ದಾರಿ ಆ ಒಂದು ಉತ್ತರವನ್ನು ಬಹುಮಟ್ಟಿಗೆ ಅವಲಂಬಿಸಿದೆ.