ಮೀವಾತ್ನ್ ಸರೋವರದ ಬೇಸಗೆ: ಒಂದು ಐತಿಹಾಸಿಕ ಅವಲೋಕನ

ಅರಸರ ಶಾಸನಗಳೂ ಯುದ್ಧಗಳ ವೃತ್ತಾಂತಗಳೂ ಮಾತ್ರವೇ ಇತಿಹಾಸಕ್ಕೆ ಆಧಾರಗಳೆಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಇನ್ನೂ ಬಲವಾಗಿದೆ. ಒಂದು ಜನಸಮುದಾಯವು ತನ್ನ ಸುತ್ತಣ ಹಕ್ಕಿಗಳೊಡನೆ ಹೇಗೆ ಬಾಳಿತೆಂಬುದೂ ಇತಿಹಾಸದ ವಿಷಯವೇ. ಅದಕ್ಕೂ ಆಧಾರಗಳು ದೊರೆಯುತ್ತವೆ. ಐಸ್‌ಲ್ಯಾಂಡಿನ ಉತ್ತರ ಭಾಗದ ಮೀವಾತ್ನ್ ಸರೋವರವನ್ನು ನಿದರ್ಶನವಾಗಿಟ್ಟುಕೊಂಡು ಈ ಮಾತನ್ನು ಇಲ್ಲಿ ವಿವರಿಸಲೆಳಸುತ್ತೇವೆ.

ಸುಮಾರು 2300 ವರ್ಷಗಳ ಹಿಂದೆ ಹರಿದ ಲಾವಾರಸದಿಂದ ಈಗಿನ ರೂಪವನ್ನು ತಳೆದ ಈ ಸರೋವರದ ವಿಸ್ತಾರ ಸುಮಾರು 37 ಚದರ ಕಿಲೋಮೀಟರು. ಸಹಜವಾದ ಆಳವಾದರೋ ಸುಮಾರು 4 ಮೀಟರಿನೊಳಗೇ. ಆದುದರಿಂದ ಬಿಸಿಲು ತಳದವರೆಗೂ ಇಳಿಯುತ್ತದೆ. ದಡದ ಬುಗ್ಗೆಗಳು ಖನಿಜಾಂಶಗಳನ್ನು ತರುತ್ತವೆ. ಇವೆರಡರ ಬಲದಿಂದ ಪಾಚಿಯೂ ಡಯಾಟಮುಗಳೂ ಸಮೃದ್ಧವಾಗಿ ಬೆಳೆಯುತ್ತವೆ; ಅವನ್ನುಂಡು ನೊರಜಿನ ಮರಿಹುಳುಗಳು ಕೆಸರಿನಲ್ಲಿ ಬಲಿಯುತ್ತವೆ. ಮೇ ತಿಂಗಳ ಸುಮಾರಿಗೆ ಮಂಜುಗಡ್ಡೆ ಕರಗಿ, ರಾತ್ರಿಯೆಂಬುದೇ ಇಲ್ಲವೆನ್ನುವಂತಹ ಜೂನ್ ಬಂದಾಗ, ರೆಕ್ಕೆ ಮೂಡಿದ ನೊರಜುಗಳು ಹೊಗೆಯ ಕಂಬಗಳಂತೆ ದಡದ ಮೇಲೆ ಎದ್ದು ನಿಲ್ಲುತ್ತವೆ. ಮೀವಾತ್ನ್ ಎಂಬ ಹೆಸರಿಗೆ ನೊರಜಿನ ಸರೋವರವೆಂದೇ ಅರ್ಥ.

ಈ ಆಹಾರವನ್ನರಸಿ ಹತ್ತಕ್ಕೂ ಹೆಚ್ಚು ಜಾತಿಯ ಬಾತುಗಳು ಇಲ್ಲಿ ಗೂಡು ಕಟ್ಟುತ್ತವೆ. ತಲೆಯಲ್ಲಿ ಜುಟ್ಟುಳ್ಳ ಬಾತು ಬಹುಸಂಖ್ಯೆಯಲ್ಲಿದೆ. ಬ್ಯಾರೋಸ್ ಗೋಲ್ಡನ್‌ಐ ಎಂಬ ಹೊಂಗಣ್ಣಿನ ಬಾತು ಯೂರೋಪಿನಲ್ಲಿ ಮರಿಮಾಡುವುದು ಐಸ್‌ಲ್ಯಾಂಡಿನಲ್ಲಿ ಮಾತ್ರ, ಅದರಲ್ಲಿಯೂ ಮುಖ್ಯವಾಗಿ ಈ ಪ್ರದೇಶದಲ್ಲಿ. ಅದು ಲಾವಾಶಿಲೆಯ ಬಿರುಕುಗಳಲ್ಲಿ ಮೊಟ್ಟೆಯಿಡುತ್ತದೆ. ಒಕ್ಕಲಿನ ಮನೆಗಳ ಗೋಡೆಗಳಲ್ಲಿ ಅದಕ್ಕಾಗಿ ಪೊಟರೆಗಳನ್ನು ಬಿಟ್ಟಿರುವುದೂ ಉಂಟು. ಸಸ್ಯಗಳೂ ಚರಿತ್ರೆಯನ್ನು ಹೇಳದಿರವು. ಕುರಿಗಳು ಮುಟ್ಟದ ನಡುಗಡ್ಡೆಗಳಲ್ಲಿ ಏಂಜೆಲಿಕಾ ಎಂಬ ದೊಡ್ಡ ಗಿಡವು ಎತ್ತರವಾಗಿ ಬೆಳೆಯುತ್ತದೆ. ಮೇಯಿಸಿದ ನೆಲದಲ್ಲಿ ಅದು ಉಳಿಯುವುದು ಕಷ್ಟ. ಶತಮಾನಗಳ ಕುರಿಸಾಕಣೆಯ ಗುರುತು ಹೀಗೆ ನೆಲದ ಮೇಲೆಯೇ ಬರೆದಂತಿದೆ.

ಇಲ್ಲಿನ ಒಕ್ಕಲುಗಳು ಬಾತಿನ ಮೊಟ್ಟೆಗಳನ್ನು ಬೇಸಗೆಯ ಆಹಾರವಾಗಿ ಸಂಗ್ರಹಿಸುತ್ತ ಬಂದಿದ್ದಾರೆ. ಆದರೆ ಪ್ರತಿಯೊಂದು ಗೂಡಿನಲ್ಲಿಯೂ ಕನಿಷ್ಠ ನಾಲ್ಕು ಮೊಟ್ಟೆಗಳನ್ನಾದರೂ ಬಿಡಬೇಕು. ಕಾವು ಕೂರುವ ಹಕ್ಕಿಯನ್ನು ಕೊಲ್ಲಬಾರದು. ಇದೇ ಅಲ್ಲಿನ ಕಟ್ಟುಪಾಡು. ಇದು ಎಷ್ಟು ಹಳೆಯದು? ಇತಿಹಾಸಕಾರನು ಕೇಳಬೇಕಾದ ಪ್ರಶ್ನೆ ಇದು.

ಸರೋವರದ ಸಮೀಪದ ಹೋಫ್‌ಸ್ತಾದಿರ್ ಮೊದಲಾದ ನಿವೇಶನಗಳ ಉತ್ಖನನಗಳು ಇದಕ್ಕೆ ಉತ್ತರವನ್ನು ಸೂಚಿಸುತ್ತವೆ. ನಾರ್ಸ್ ಜನರು ನೆಲೆಸಿದ ಒಂಬತ್ತು ಹತ್ತನೆಯ ಶತಮಾನಗಳಿಗೆ ಸೇರಿದ ತಿಪ್ಪೆಯ ಪದರಗಳಲ್ಲಿ ನೀರುಹಕ್ಕಿಗಳ ಮೊಟ್ಟೆಯ ಚಿಪ್ಪುಗಳು ಹೇರಳವಾಗಿ ದೊರೆತಿವೆ. ನೀರುಹಕ್ಕಿಗಳ ಮೂಳೆಗಳಾದರೋ ವಿರಳ. ಮೂಳೆಗಳು ಕೊಳೆತುಹೋಗಿರಬಹುದೆಂದು ಶಂಕಿಸಬಹುದು. ಆದರೆ ಅದೇ ತಿಪ್ಪೆಗಳಲ್ಲಿ ಟಾರ್ಮಿಗನ್ ಎಂಬ ನೆಲಹಕ್ಕಿಯ ಮೂಳೆಗಳೂ ಮೀನಿನ ಮೂಳೆಗಳೂ ಉಳಿದುಬಂದಿರುವುದರಿಂದ ಈ ಶಂಕೆ ನಿಲ್ಲದು. ಜನರು ಹಕ್ಕಿಯನ್ನು ಹಿಡಿಯಲಾರದವರಾಗಿರಲಿಲ್ಲ. ಬಾತನ್ನು ಬಿಟ್ಟು ಮೊಟ್ಟೆಯನ್ನು ತೆಗೆದುಕೊಂಡರು. ಅಂದಿನ ನಿಯಮವು ಇಂದಿನದೇ ಆಗಿತ್ತೆಂದು ಚಿಪ್ಪುಗಳು ಸಾಧಿಸಲಾರವು. ಆದರೂ ಸಾವಿರ ವರ್ಷಗಳ ಹಿಂದೆಯೇ ಇಂಥದೊಂದು ಸಂಯಮವಿತ್ತೆಂದು ಹೇಳಲು ಅವು ಸಾಕು.

ಇಪ್ಪತ್ತನೆಯ ಶತಮಾನದಲ್ಲಿ ಬೇರೊಂದು ಬಗೆಯ ಕೈ ಸರೋವರವನ್ನು ಮುಟ್ಟಿತು. 1967ರಿಂದ 2004ರವರೆಗೆ ತಳದ ಡಯಾಟಮು ಕೆಸರನ್ನು ಕೈಗಾರಿಕೆಗಾಗಿ ತೋಡಲಾಯಿತು. ಸರೋವರದಿಂದ ಹೊರಡುವ ಲಾಕ್ಸಾ ನದಿಯಲ್ಲಿ ವಿದ್ಯುತ್ ಯೋಜನೆಯನ್ನು ವಿಸ್ತರಿಸುವ ಪ್ರಯತ್ನವನ್ನು ವಿರೋಧಿಸಿ 1970ರ ಆಗಸ್ಟಿನಲ್ಲಿ ರೈತರು ಅಲ್ಲಿನ ಒಂದು ಒಡ್ಡನ್ನು ಸಿಡಿಮದ್ದಿನಿಂದ ಒಡೆದರು. 1974ರಲ್ಲಿ ಸರೋವರವನ್ನೂ ನದಿಯನ್ನೂ ರಕ್ಷಿಸುವ ಕಾಯಿದೆಯಾಯಿತು. ಆದರೂ ತಳದಲ್ಲಿ ಹಾಸಿದಂತಿದ್ದ, ಜಗತ್ತಿನಲ್ಲಿಯೇ ಅಪರೂಪವಾದ ಹಸುರು ಪಾಚಿಯ ಉಂಡೆಗಳು 2010ರ ದಶಕದ ಆರಂಭದ ಹೊತ್ತಿಗೆ ಬಹುತೇಕ ಕಣ್ಮರೆಯಾದುವು.

ಇದರಿಂದ ನಾವು ತಿಳಿಯಬೇಕಾದುದು ಇಷ್ಟು. ಗೂಡಿನ ಮುಂದೆ ನಿಂತವನ ಕೈಯನ್ನು ತಡೆಯಲು ಊರಿನ ಕಟ್ಟುಪಾಡು ಸಾಲುತ್ತಿತ್ತು; ಗೂಡನ್ನೇ ಕಾಣದ ಯಂತ್ರವನ್ನು ತಡೆಯಲು ಅದು ಸಾಲದಾಯಿತು, ಕಾಯಿದೆ ಬೇಕಾಯಿತು. ಕಾಯಿದೆಯ ಇತಿಹಾಸವನ್ನು ಬರೆಯಲು ಕಡತಗಳಿವೆ. ಕಟ್ಟುಪಾಡಿನ ಇತಿಹಾಸಕ್ಕೆ ತಿಪ್ಪೆಯ ಚಿಪ್ಪುಗಳನ್ನೂ, ನಡುಗಡ್ಡೆಯ ಗಿಡಗಳನ್ನೂ, ಇಂದಿಗೂ ಬೇಸಗೆಯಲ್ಲಿ ಕಾವು ಕೂರುವ ಬಾತುಗಳನ್ನೂ ಓದಲು ಕಲಿಯಬೇಕು.